ಕೇಳದೆ ಬರುತ್ತಿದ್ದ ರೊಟ್ಟಿ

ಸ್ಟೀಲಿನ ತಟ್ಟೆಯ ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ‘ಹ’ ಅಕ್ಷರ, ನಡುವೆ ಒಂದು ಚಮಚ ಸಕ್ಕರೆ. ಚಮಚವೆಂದರೆ ಬೆರಳಿನಿಂದ ಸಮ ಮಾಡಿದ ಚಮಚ, ಗುಡ್ಡೆ ಕಟ್ಟಿದ್ದಲ್ಲ. ತಟ್ಟೆಯಲ್ಲಿ ಒಂದು ಹನಿ ನೀರು ಉಳಿದರೂ ಸಕ್ಕರೆ ಕರಗಿ ಅಂಟಾಗುತ್ತದೆಂದು ಒರೆಸಿದ ಮೇಲೂ ಒಮ್ಮೆ ಊದುತ್ತೇನೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳ ಚಟ ಇದು, ಕ್ಷಮಿಸಬೇಕು.

ಪಕ್ಕದ ಮನೆಯಿಂದ ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ನಮ್ಮ ಕಡೆಯ ರೂಢಿ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಅದರಲ್ಲಿರಬೇಕು. ನಾನು ಹುಟ್ಟಿದ್ದು ಮಂಗಳೂರಿನಲ್ಲಿ. ಸಮುದ್ರವಿರುವುದಲ್ಲ, ಯಲಬುರ್ಗಾ ಕಡೆಯದು. ಇದನ್ನು ವಿಶ್ವವಿದ್ಯಾಲಯದಲ್ಲಿ ಓದುವಾಗ ಎಷ್ಟು ಜನರಿಗೆ ವಿವರಿಸಿದ್ದೇನೋ ಲೆಕ್ಕವಿಲ್ಲ. ಕುಷ್ಟಗಿಗೆ ಕೆಲಸಕ್ಕೆ ಬಂದು ಒಬ್ಬಳೇ ಮನೆ ಹಿಡಿದಾಗ ಪಾತ್ರೆಪಗಡದ ಜೊತೆ ಅವ್ವನ ಈ ರೂಢಿಯನ್ನೂ ತಂದೆ. ತೊಡಕೆಂದರೆ, ನನ್ನದು ಸಕ್ಕರೆ ತಿನ್ನುವ ಮನೆಯಲ್ಲ.

ಸಣ್ಣವಳಿದ್ದಾಗಿನಿಂದ ನನಗೆ ಮಧುಮೇಹ, ಇನ್ಸುಲಿನ್ ಇಲ್ಲದೆ ನಡೆಯದ ಬಗೆಯದು. ಮೊದಲು ಸೂಜಿಯಿತ್ತು, ಈಗ ಪಂಪ್ ಇದೆ. ಹೆಸರು ಕೇಳಿ ಹೊಲದ ಬಾವಿಯನ್ನು ನೆನೆಯಬೇಡಿ. ಇದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಇದರಿಂದ ಹೊರಟ ತೆಳ್ಳನೆಯ ನಳಿಕೆ ಹೊಟ್ಟೆಯ ಮೇಲೆ ಅಂಟಿಸಿದ ಪಟ್ಟಿಯ ಕೆಳಗೆ ಚರ್ಮದೊಳಗೆ ಇಳಿಯುತ್ತದೆ. ಹಗಲೂ ರಾತ್ರಿಯೂ ತೊಟ್ಟುತೊಟ್ಟಾಗಿ ಇನ್ಸುಲಿನ್ ಇಳಿಯುತ್ತಲೇ ಇರುತ್ತದೆ. ಊಟದ ಹೊತ್ತಿಗೆ ಮಾತ್ರ ಏನು ತಿನ್ನುತ್ತೇನೆಂದು ನಾನೇ ಹೇಳಬೇಕು. ಎಷ್ಟು ಗ್ರಾಂ ಪಿಷ್ಟ ಎಂದು ಒತ್ತಿದರೆ ಅದಕ್ಕೆ ತಕ್ಕಷ್ಟು ಬಿಡುತ್ತದೆ. ಕುರ್ತಾದ ಒಳಗೆ ಹೊಲಿದುಕೊಂಡ ಜೇಬಿನಲ್ಲಿ ಅದರ ವಾಸ. ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಚ್ಚಿಡುವಂಥ ತಪ್ಪೇನೂ ಅಲ್ಲ. ಆದರೆ ಒಮ್ಮೆ ಹೇಳಿದರೆ ಆಮೇಲೆ ಎಲ್ಲರೂ ನನ್ನ ಮುಖ ನೋಡುವ ಮೊದಲು ನನ್ನ ತಟ್ಟೆ ನೋಡುತ್ತಾರೆ.

ತಟ್ಟೆಯಲ್ಲಿ ನೋಡುವಂಥದ್ದೂ ಏನಿಲ್ಲ. ಅನ್ನ, ಚಪಾತಿ, ರೊಟ್ಟಿ ಮೂರನ್ನೂ ಬಿಟ್ಟು ಕೆಲವು ವರ್ಷಗಳಾದವು. ಪಿಷ್ಟ ಕಡಿಮೆಯಾದಷ್ಟೂ ಇನ್ಸುಲಿನ್ ಕಡಿಮೆ. ಇನ್ಸುಲಿನ್ ಕಡಿಮೆಯಾದಷ್ಟೂ ಲೆಕ್ಕ ತಪ್ಪಿದಾಗ ಬೀಳುವ ಹೊಂಡ ಸಣ್ಣದು. ಹೀಗಾಗಿ ಮೊಟ್ಟೆ, ಪನೀರ್, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಜೋಳದ ನಾಡಿನಲ್ಲಿ ಎಣ್ಣೆಗಾಯಿಯನ್ನು ಚಮಚದಲ್ಲಿ ತಿನ್ನುವುದೆಂದರೆ ಮದುವೆಗೆ ಹೋಗಿ ಮದುಮಕ್ಕಳನ್ನು ನೋಡದೆ ಬಂದಂತೆ. ಅವ್ವ ಫೋನಿನಲ್ಲಿ ಕೇಳುತ್ತಾಳೆ: “ರೊಟ್ಟಿ ಇಲ್ಲದ ಬರೇ ಪಲ್ಯ ಗಂಟಲಾಗ ಹೆಂಗ ಇಳಿತೈತವ್ವಾ?” ಇಳಿಯುತ್ತದೆ ಅವ್ವಾ, ಎನ್ನುತ್ತೇನೆ. ಒಬ್ಬಳೇ ಕುಳಿತವಳ ಗಂಟಲಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಇಳಿಯುತ್ತವೆ ಎಂದು ಮಾತ್ರ ಹೇಳುವುದಿಲ್ಲ.

ನಮ್ಮ ಓಣಿಯಲ್ಲಿ ಎದುರಾದವರೆಲ್ಲ “ಊಟಾತ್ರಿ?” ಎನ್ನುತ್ತಾರೆ. ಏನಾಗಿದ್ದರೂ “ಆತ್ರಿ” ಎನ್ನುವುದೇ ಉತ್ತರ; ಕೇಳಿದವರು ಅಷ್ಟರಲ್ಲಿ ಮುಂದಿನ ತಿರುವು ದಾಟಿರುತ್ತಾರೆ. ಊಟಕ್ಕೆ ಮೊದಲೇ, ಏನು ಉಣ್ಣುತ್ತೀ ಎಂದು ಕೇಳುವುದು ಇಡೀ ಕುಷ್ಟಗಿಯಲ್ಲಿ ನನ್ನ ಪಂಪ್ ಒಂದೇ. ಅದರ ಬಳಿ “ಆತ್ರಿ” ನಡೆಯುವುದಿಲ್ಲ. ಅದು ಹೇಳಿದ್ದನ್ನು ನಂಬುತ್ತದೆ, ಅಷ್ಟೇ ಅದರ ದೋಷ.

ಗೋಡೆಯಾಚೆಯ ಹನುಮವ್ವ ಬಸ್ ಸ್ಟ್ಯಾಂಡಿನ ಖಾನಾವಳಿಗೆ ರೊಟ್ಟಿ ಬಡಿದುಕೊಡುವಾಕೆ. ಆ ಪಟಪಟ ಸದ್ದು ನನ್ನ ಗಡಿಯಾರ. ನಾನು ಮನೆಗೆ ಬಂದ ಮೊದಲ ಭಾನುವಾರವೇ ಆ ‘ಹ’ ಕೊರೆದ ತಟ್ಟೆಯಲ್ಲಿ ಎರಡು ಬಿಸಿ ರೊಟ್ಟಿ, ಪಲ್ಯ ತಂದರು. “ಅಕ್ಕೋರ, ಭಾಳ ಸೊರಗೀರಿ. ನಿಮ್ಮನ್ಯಾಗ ರೊಟ್ಟಿ ಬಡಿಯೋ ಸಪ್ಪಳನ ಕೇಳೂದಿಲ್ಲಲ್ರಿ! ಹಂಚು ಐತೋ ಇಲ್ಲೋ?” ಹಂಚು ಇರಲಿಲ್ಲ. ಬೇಡವೆನ್ನಲೂ ಬಾಯಿ ಬರಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ತಟ್ಟೆ ಬಂತು, ನಡುನಡುವೆ ವಾರದ ದಿನವೂ ಒಂದು ಬಟ್ಟಲು ಪಲ್ಯ. ಅವೆಲ್ಲ ಸಕ್ಕರೆ ಹೊತ್ತುಕೊಂಡೇ ಹಿಂದಿರುಗಿದವು. ನನ್ನ ಸಕ್ಕರೆ ಡಬ್ಬಿ ಇರುವುದು, ರಕ್ತದ ಸಕ್ಕರೆ ಕುಸಿದಾಗ ಪ್ರಾಣ ಹಿಡಿದುಕೊಳ್ಳಲಿಕ್ಕೆ. ಅದರಿಂದಲೇ ಹಾಕುತ್ತಿದ್ದೆ. ಒಮ್ಮೆ ಅದು ತಳ ಕಂಡಾಗ, ಅದೇ ಕಾರಣಕ್ಕೆ ಇಟ್ಟಿದ್ದ ಗ್ಲೂಕೋಸ್ ಪುಡಿಯನ್ನೂ ಹಾಕಿ ಕಳಿಸಿದೆ. ಮರ್ಯಾದೆ ದೊಡ್ಡದು ನೋಡಿ.

ಮೊದಮೊದಲು ಎರಡೂ ರೊಟ್ಟಿ ಓಣಿಯ ಆಕಳಿಗೆ ಹೋಗುತ್ತಿದ್ದವು. ಆಮೇಲೆ ಒಂದು ಮಾತ್ರ ಹೋಗತೊಡಗಿತು. ವಾರಕ್ಕೊಂದು ರೊಟ್ಟಿ, ಅಳೆದು, ಇನ್ಸುಲಿನ್ ಕೊಟ್ಟು. ಇನ್ಸುಲಿನ್ ನಿಧಾನಿ, ಊಟಕ್ಕಿಂತ ಸ್ವಲ್ಪ ಮೊದಲೇ ಅದನ್ನು ಹೊರಡಿಸಬೇಕು. ಹಾಗಾಗಿ ಗೋಡೆಯಾಚೆ ಪಟಪಟ ನಿಂತೊಡನೆ ಪಂಪಿಗೆ ‘ಒಂದು ರೊಟ್ಟಿ’ ಎಂದು ಒತ್ತಿ, ಬಾಗಿಲಿನ ಚಿಲಕ ತೆಗೆದು ಕೂಡುತ್ತಿದ್ದೆ. ತಟ್ಟೆ ಬಂದಾಗ ಅನಿರೀಕ್ಷಿತವಾಗಿ ಬಂತೆಂಬ ಮುಖ ಮಾಡುತ್ತಿದ್ದೆ. “ಅಯ್ಯ, ಯಾಕ ತಂದ್ರಿ ಹನುಮವ್ವ!”

ಕಳೆದ ತಿಂಗಳ ಒಂದು ಭಾನುವಾರ ಸದ್ದು ಎಂದಿಗಿಂತ ಬಹಳ ಹೊತ್ತು ನಡೆದು ನಿಂತಿತು. ಒತ್ತಿದೆ. ಚಿಲಕ ತೆಗೆದೆ. ಹೊರಗೆ ಆಟೊ ನಿಂತ ಸದ್ದು, ಯಾರೋ “ಹಿಟ್ನಾಳಕ್ಕ ಹೋಗಾಕ ಹೊತ್ತಾತು, ಲಗೂ ಏರಸ್ರಿ” ಎಂದದ್ದು ಕೇಳಿಸಿತು. ಕಿಟಕಿಯಿಂದ ನೋಡಿದರೆ ಬಿಳಿ ಬಟ್ಟೆಯ ರೊಟ್ಟಿ ಗಂಟುಗಳು ಆಟೊ ಏರುತ್ತಿದ್ದವು. ಯಾವುದೋ ನಿಶ್ಚಿತಾರ್ಥದ ಊಟಕ್ಕೆ ಇರಬೇಕು. ಆಟೊ ಹೋಯಿತು. ಹನುಮವ್ವನ ಬಾಗಿಲು ಮುಚ್ಚಿತು. ಓಣಿ ಸುಮ್ಮನಾಯಿತು.

ಯಾರೂ ನನಗೆ ರೊಟ್ಟಿ ಕೊಡುತ್ತೇನೆಂದು ಮಾತು ಕೊಟ್ಟಿರಲಿಲ್ಲ. ಪಂಪಿಗೆ ಹೇಳಿದ್ದೆ, ಹನುಮವ್ವನಿಗೆ ಹೇಳಿರಲಿಲ್ಲ.

ಪಂಪ್ ನಿಲ್ಲಿಸಿದೆ. ಒಳಗೆ ಹೋದ ಇನ್ಸುಲಿನ್ ಮಾತ್ರ ಹಿಂದೆ ಬರುವುದಿಲ್ಲ, ರೊಟ್ಟಿ ಸಿಗದಿದ್ದರೆ ರಕ್ತದಲ್ಲಿದ್ದ ಸಕ್ಕರೆಯನ್ನೇ ಇಳಿಸುತ್ತದೆ. ಮೊಸರು ತಿಂದೆ, ಶೇಂಗಾ ತಿಂದೆ. ಅವು ಇಂಥ ಹೊತ್ತಿಗೆ ಒದಗುವಂಥವಲ್ಲ. ಬೆವರಿದೆ. ತುಟಿಯ ಸುತ್ತ ಜುಮುಗುಟ್ಟಿತು. ಹಿಂದಿನ ವಾರದ ತಟ್ಟೆಗೆ ಬಳಿದು ಹಾಕಿದ ಮೇಲೆ ತುಂಬಿರದ ಡಬ್ಬಿ ತೆಗೆದರೆ ಮೂಲೆಗೆ ಅಂಟಿದ ನಾಲ್ಕು ಹರಳು, ಬೆರಳಿಗೆ ಹತ್ತಿದ್ದನ್ನು ನೆಕ್ಕಿದೆ. ಆ ಡಬ್ಬಿ ಬಿಟ್ಟರೆ ಮನೆಯಲ್ಲಿ ಸಿಹಿ ಎಂಬುದೇ ಇಲ್ಲ ಎನ್ನುವುದು ನನ್ನ ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನು ಕಪಾಟು ಕಪಾಟಾಗಿ ತೆರೆದು ನೋಡಿದೆ. ಅಂಗಡಿಯ ತನಕ ಕಾಲು ಬರುವಂತಿರಲಿಲ್ಲ. ಪಕ್ಕದ ಬಾಗಿಲಿನ ತನಕ ಬರುತ್ತಿದ್ದವು. ಆದರೂ ಹೊಸ್ತಿಲಲ್ಲಿ ನಿಂತು, ಅಷ್ಟು ರೊಟ್ಟಿ ಬಡಿದು ದಣಿದು ಮಲಗಿದವರನ್ನು ಎಬ್ಬಿಸಿ ಏನೆಂದು ಕೇಳಲಿ ಎಂದು ಯೋಚಿಸಿದೆನಲ್ಲ, ಅದನ್ನು ನೆನೆದರೆ ಈಗಲೂ ನನ್ನ ಬಗ್ಗೆ ನನಗೇ ಗಾಬರಿ.

ಗೋಡೆ ಹಿಡಿದು ಹೋಗಿ ಬಾಗಿಲು ಬಡಿದೆ. “ಸಕ್ಕರೆ” ಎಂದೆ.

“ಯವ್ವಾ, ಮಾರಿ ನೋಡ್ರಿ ಹೆಂಗ ಬೆಳ್ಳಗಾಗೇತಿ! ಕುಂದರ್ರಿ, ಇಲ್ಲೇ ಕುಂದರ್ರಿ.” ಹನುಮವ್ವ ಲೋಟದ ನೀರಿಗೆ ಸಕ್ಕರೆ ಸುರಿದು ಕಲಕಿ ಕುಡಿಸಿದರು. ಮತ್ತೊಂದು ಲೋಟ. ನಡುಕ ಇಳಿಯುವ ತನಕ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಇದ್ದರು. ಜೋಳದ ಹಿಟ್ಟಿನ ವಾಸನೆಯ ಕೈ. ಅಷ್ಟು ಹೊತ್ತು ಯಾರಾದರೂ ನನ್ನ ಬೆನ್ನು ಮುಟ್ಟಿ ಎಷ್ಟು ಕಾಲವಾಗಿತ್ತೋ.

ಜೇಬಿನಿಂದ ಜಾರಿ ನೇತಾಡುತ್ತಿದ್ದ ಪಂಪ್ ಅವರ ಕಣ್ಣಿಗೆ ಬಿತ್ತು. “ಇದೇನ್ರಿ ಅಕ್ಕೋರ, ಮೊಬೈಲಿಗೆ ದಾರ ಕಟ್ಟೀರೇನು?” ಹೇಳಿದೆ. ಎಲ್ಲವನ್ನೂ, ತಟ್ಟೆ ಕಾಯುತ್ತ ಕುಳಿತದ್ದನ್ನೂ.

ಅವರು ಹಣೆ ಬಡಿದುಕೊಂಡರು. “ಶುಗರ್ ಇದ್ದಾಕಿಗೆ ಎರಡ ಲೋಟ ಸಕ್ರಿ ನೀರು ಕುಡಿಸಿದ್ನಲ್ಲ! ನಮ್ಮ ಮಾವಗ ಸಕ್ರಿ ಡಬ್ಬಿ ಮುಟ್ಟಾಕ ಬಿಡತಿದ್ದಿಲ್ಲ ನಾ.” ಈಗ ಬೇಕಾದದ್ದು ಅದೇ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ನಗು ಬಂದಿತ್ತು. ಅವರಿಗೆ ಬರಲಿಲ್ಲ. ಸಿಟ್ಟು ಬಂತು. “ಒಂದ ರೊಟ್ಟಿ ಕೊಡು ಹನುಮವ್ವ ಅಂದಿದ್ರ ಬಾಯಾಗಿನ ಮುತ್ತು ಉದರತಿದ್ದವೇನು? ಇಷ್ಟು ದಿನ ನಿಮಗ ನನ್ನ ರೊಟ್ಟಿ ಸೇರೂದಿಲ್ಲ ಅಂತ ತಿಳಕೊಂಡಿದ್ದೆ ನಾ. ಸಕ್ರಿ ಹಾಕಿ ತಾಟು ಕೊಡತಿದ್ರಿ, ಛಲೋ ಆಗಿತ್ತು ಅಂತ ಒಂದ ದಿನಾನೂ ಅನ್ನಲಿಲ್ಲ.”

ಆಮೇಲೆ ಡಬ್ಬಿಯ ಮುಚ್ಚಳ ಹಾಕುತ್ತ, “ಇದೂ ನಿಮ್ಮದ ಸಕ್ರಿ ನೋಡ್ರಿ. ನಮ್ಮನ್ಯಾಗ ಎಲ್ಲಾರೂ ಬೆಲ್ಲದ ಚಾ. ನೀವು ಹಾಕಿಕೊಟ್ಟಿದ್ದ ಹಂಗ ಕೂಡಿ ಬಿದ್ದೈತಿ. ನಡುವ ಒಂದೀಟು ಹಿಟ್ಟಿನಂಥಾದೂ ಐತಿ, ಅದೇನೋ” ಎಂದರು.

ಮನೆಗೆ ಬಂದು ನನ್ನ ಖಾಲಿ ಡಬ್ಬಿಯ ಮುಚ್ಚಳ ಹಾಕಿದೆ. ನನ್ನನ್ನು ಉಳಿಸುವ ಸಕ್ಕರೆಯನ್ನು ಚಮಚ ಚಮಚವಾಗಿ ನಾನೇ ಗೋಡೆಯಾಚೆ ಸಾಗಿಸಿದ್ದೆ. ಅದರ ಹಿಂದೆ ಒಂದು ಮಾತನ್ನೂ ಕಳಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯಿಂದ ಸಕ್ಕರೆ ತಂದು ನನ್ನ ಡಬ್ಬಿ ತುಂಬಿದೆ. ಆಮೇಲೆ, ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದ ಹನುಮವ್ವನ ಲೋಟವನ್ನು ತೊಳೆದು, ಒರೆಸಿ, ಏನೂ ಹಾಕದೆ ಬರಿದಾಗಿ ತೆಗೆದುಕೊಂಡು ಹೋದೆ. ಅವರು ರೊಟ್ಟಿ ಬಡಿಯುತ್ತ ಕುಳಿತಿದ್ದರು. ಲೋಟವನ್ನು ಪಕ್ಕದಲ್ಲಿಟ್ಟು, “ಹನುಮವ್ವ, ಬರೂ ಭಾನುವಾರ ನನಗೊಂದು ರೊಟ್ಟಿ ಬೇಕು. ಇಲ್ಲೇ ಬಂದು ಉಣತೀನಿ” ಎಂದೆ.