ಮಾದರಿ ಮನೆಯ ಮಂಚ

ಬಡಗಿ ಸೋಮವಾರ ಬೆಳಗಿನ ಜಾವ ತೀರಿಕೊಂಡ. ಎದೆ ಹಿಡಿದುಕೊಂಡಿದೆ ಎಂದನಂತೆ. ಆಸ್ಪತ್ರೆ ಸೇರುವಷ್ಟು ಹೊತ್ತೂ ಸಿಗಲಿಲ್ಲ.

ಮೂಲೆ ನೇರವಿದೆಯೇ ಎಂದು ನೋಡುವ ಬಡಗಿಯ ಸಾಧನದ ಹೆಸರಿಟ್ಟು, ಗೆಳೆಯರು ಅವನನ್ನು ‘ಮೂಲೆಮಟ್ಟ’ ಎನ್ನುತ್ತಿದ್ದರು. ಕೆಲಸ, ಮಾತು ಎರಡೂ ಅಷ್ಟು ನೇರ. ಅಂಥವನು ವರ್ಷಗಳ ಹಿಂದೆ ಒಂದೇ ಒಂದು ಸೊಟ್ಟ ಕೆಲಸ ಒಪ್ಪಿಕೊಂಡಿದ್ದ. ಹೊಸ ಕಟ್ಟಡದವರು ಕೊಳ್ಳುವವರಿಗೆ ತೋರಿಸಲೆಂದು ಒಂದು ಮಾದರಿ ಮನೆ ಸಜ್ಜು ಮಾಡಿಸುತ್ತಿದ್ದರು. ಅದಕ್ಕೆ ಅವನು ಮಾಡಬೇಕಾದದ್ದು: ಮಂಚ ಒಂದು ಗೇಣು ಗಿಡ್ಡ, ಕುರ್ಚಿ ನಾಲ್ಕು ಬೆರಳು ಕುಳ್ಳು, ಬೀರು ಅರ್ಧ ಆಳ. ಸಾಮಾನು ಚಿಕ್ಕದಾದರೆ ಕೋಣೆ ತಾನಾಗಿಯೇ ದೊಡ್ಡದು. ಕಣ್ಣು ಒಂದನ್ನು ಇನ್ನೊಂದರ ಪಕ್ಕ ಇಟ್ಟೇ ಅಳೆಯುತ್ತದೆ.

“ಇದರಲ್ಲಿ ಮಲಗೋದು ಹೇಗೆ?” ಎಂದು ಬಡಗಿ ಕೇಳಿದ್ದಕ್ಕೆ ಆ ಕಟ್ಟಡದ ಮೇಸ್ತ್ರಿ ನಕ್ಕ.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದಿದ್ದಾರಲ್ಲ ದೊಡ್ಡವರು. ಇಲ್ಲಿ ಕಾಲು ಚಾಚೋರು ಯಾರೂ ಬರಲ್ಲ ಬಿಡಣ್ಣ, ಬರೀ ಕಣ್ಣು ಹಾಯಿಸೋರು.”

ಆ ಸಾಮಾನು ಎಲ್ಲಿಗೆ ಹೋಯಿತೆಂದು ಅವನು ಮನೆಯಲ್ಲಿ ಹೇಳಿರಲಿಲ್ಲ. ಕೆಲವೇ ದಿನಗಳಲ್ಲಿ ಹೆಂಡತಿ, ಗಂಡನಿಗೆ ಅಚ್ಚರಿಯಾಗಲೆಂದು, ತನ್ನ ಅಣ್ಣನ ಜೊತೆ ಹೋಗಿ ಅದೇ ಮಾದರಿ ಮನೆ ನೋಡಿ, ಅಂಥದ್ದೇ ಒಂದಕ್ಕೆ ಮುಂಗಡ ಕೊಟ್ಟು ಬಂದಳು. ಅವಳ ಅರಳಿದ ಮುಖ ನೋಡಿ ಅವನ ಬಾಯಿ ಕಟ್ಟಿಹೋಯಿತು.

ಹೊಸ ಮನೆಯಲ್ಲಿ ತಮ್ಮ ಮಂಚ ಹಾಕಿದ ಕೂಡಲೇ ಕೋಣೆ ಮುಗಿಯಿತು. ಬಾಗಿಲು ಅರ್ಧ ತೆರೆದು ಮಂಚಕ್ಕೆ ಬಡಿಯುತ್ತಿತ್ತು. ಒಳಹೋಗಲು ಹೊಟ್ಟೆ ಎಳೆದುಕೊಂಡು ಅಡ್ಡಡ್ಡ ನುಸುಳಬೇಕು. ಕಿಟಕಿಯಾಚೆ ಪಕ್ಕದ ಕಟ್ಟಡದ ಬೂದು ಗೋಡೆ. ಸಂಜೆಯಾದರೆ ಅದು ಒಂದು ಹೆಜ್ಜೆ ಹತ್ತಿರ ಬಂದಂತೆ ಅವಳಿಗೆ ಕಾಣುತ್ತಿತ್ತು.

“ನನ್ನ ಕಣ್ಣಿಗೇನು ಮಂಕು ಕವಿದಿತ್ತೋ,” ಎಂದು ಅವಳು ತನ್ನನ್ನೇ ಬೈದುಕೊಳ್ಳುವಳು. “ನಿಮ್ಮನ್ನೂ ತಂದು ಪೆಟ್ಟಿಗೆಗೆ ಹಾಕಿದೆ.”

ಅವನಿಗೆ ಅದು ಬಾಯಲ್ಲಿನ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ವರ್ಷಗಳು ಹಾಗೇ ಹೋದವು.

ಅವನು ತೀರಿಕೊಳ್ಳುವ ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಬಟ್ಟೆ ಮಡಿಸುತ್ತಾ ಅವಳು ಮತ್ತೆ ಅದೇ ಮಾತು ತೆಗೆದಳು.

“ತಪ್ಪು ನಿನ್ನ ಕಣ್ಣಿನದಲ್ಲ ಕಣೇ,” ಎಂದ. “ಅಲ್ಲಿದ್ದ ಮಂಚ ಮಾಡಿದ್ದು ನಾನು. ಬೇಕಂತಲೇ ಗಿಡ್ಡ ಮಾಡಿದ್ದೆ.”

ಅವಳು ಕೈಲಿದ್ದ ಬಟ್ಟೆ ಕೆಳಗಿಟ್ಟಳು.

“ಇನ್ನೇನೇನು ಸುಳ್ಳಿತ್ತು ಅಲ್ಲಿ?”

“ಕುರ್ಚಿ, ಬೀರು. ಕೋಣೆಗೆ ಬಾಗಿಲೇ ಕೂರಿಸಿರಲಿಲ್ಲ.”

“ನಾನು ಗಮನಿಸಲೇ ಇಲ್ಲ.”

“ಯಾರೂ ಗಮನಿಸಲ್ಲ.”

“ಇಷ್ಟು ವರ್ಷ ನನ್ನ ಬಾಯಿಂದ ನನ್ನನ್ನೇ ಬೈಸಿದ್ರಲ್ಲ ರೀ.” ಅವಳು ಕೆಳಗಿಟ್ಟ ಬಟ್ಟೆಯನ್ನು ಮತ್ತೆ ಎತ್ತಿಕೊಂಡು ಮಡಿಸಿದಳು. ಆಮೇಲೆ ಮುಖ ತಿರುಗಿಸಿಕೊಂಡೇ ಹೇಳಿದಳು: “ಆ ಬಾಗಿಲಾದ್ರೂ ತೆಗೀರಿ.”

ಅವನು ಸ್ಕ್ರೂಡ್ರೈವರ್ ತಂದ. ಬಣ್ಣ ಕೂತು ಬಿಗಿದಿದ್ದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ಬಾಗಿಲನ್ನು ಚೌಕಟ್ಟಿನಿಂದ ಕಳಚಿ, ಒಬ್ಬನೇ ಹೊತ್ತುಕೊಂಡು ಹೋಗಿ ಹೊರಗೆ ಮೆಟ್ಟಿಲ ಬಳಿ ಗೋಡೆಗೆ ಒರಗಿಸಿದ.