ಬೆಕ್ಕು ಪರಚಿದರೆ ಸಾಯುವ ಪಂಡಿತ

ನಾನು ಓದಿದ್ದು ಮೂರನೇ ಕ್ಲಾಸು. ನಾಲ್ಕನೆಯದಕ್ಕೆ ಹೋಗುವ ಹೊತ್ತಿಗೆ ಯಲ್ಲದಕೆರೆ ಕಡೆಯ ಬಯಲಿನಲ್ಲಿ ನಮ್ಮಪ್ಪನ ಕುರಿಗಳ ಹಿಂದೆ ಹೋಗಲು ಜನ ಬೇಕಾಯಿತು, ಹೋದೆ. ಅದಕ್ಕಾಗಿ ನಾನು ಯಾವತ್ತೂ ಅತ್ತಿಲ್ಲ. ಕುರಿಗಳು ಮೇಷ್ಟ್ರಿಗಿಂತ ವಾಸಿ, ಹೊಡೆಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಎಪ್ಪತ್ತು ದಾಟಿದ ಮೇಲೆ ನಾನು ಒಂದು ಆಟದಲ್ಲಿ ದೊಡ್ಡ ಪಂಡಿತನಾಗಿ ಕೆಲವು ಭಾನುವಾರ ಬದುಕಿದ್ದೆ.

ಆ ಆಟ ತಂದವನು ಹೊಳಲ್ಕೆರೆಯ ಹುಡುಗ. ಅಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ನನ್ನ ಮೊಮ್ಮಗಳು ಅದೇ ಊರಿನ ಶಾಲೆಯೊಂದರಲ್ಲಿ ಟೀಚರು. ಆಗ ವಾರವೆಲ್ಲ ಅಲ್ಲೇ ರೂಮಿನಲ್ಲಿದ್ದು ಶನಿವಾರ ಹಿರಿಯೂರಿನ ನಮ್ಮ ಮನೆಗೆ ಬರುತ್ತಿದ್ದಳು. ಪ್ರಶ್ನೆಪತ್ರಿಕೆ ಮಾಡಿಸಲು ಅವನ ಅಂಗಡಿಗೆ ಹೋಗಿ ಹೋಗಿ, ಮಾತು ಪ್ರಶ್ನೆಪತ್ರಿಕೆಯನ್ನು ದಾಟಿ ಮುಂದೆ ಹೋಗಿತ್ತು. ನಮ್ಮ ಮನೆಯಲ್ಲಿ ಹೆಣ್ಣು ಕೊಡುವ ಮಾತಿಗೆ ಮನೆಯ ಹಿರಿಯ ಹೆಂಗಸು ಹೂಂ ಅನ್ನಬೇಕು. ಅಳಿಯ ಆಗಲೇ ಕೈ ತೊಳೆದುಕೊಂಡಿದ್ದ. "ಅತ್ತೆ ಒಪ್ಪಿದ್ರೆ ನಂದೇನೂ ಇಲ್ಲ" ಎಂದು ಹೇಳಿ ಟಿವಿ ಮುಂದೆ ಕುಳಿತಿದ್ದ. ಹಾಗಾಗಿ ಎಲ್ಲ ನನ್ನ ತಲೆಗೆ ಬಂತು.

"ಅವ್ವ, ಒಂದ್ ನಾಕ್ ಸಲ ಬಂದು ಹೋಗ್ಲಿ. ಹುಡುಗ ಎಂಥೋನು ಅಂತ ನೀನೇ ನೋಡು," ಎಂದಳು ಮಗಳು.

"ಸುಮ್ನೆ ಮುಖ ನೋಡ್ಕಂಡು ಕುಂತ್ಕಂಡ್ರೆ ಏನ್ ತಿಳೀತೈತೆ?"

"ಆಟ ಆಡಾಣ ಅಜ್ಜಿ," ಎಂದಳು ಮೊಮ್ಮಗಳು. "ಆಟದಾಗೆ ಮನುಷ್ಯ ಗೊತ್ತಾಗ್ತಾನೆ."

ಚೌಕಾಬಾರ ಇರಬೇಕು ಅಂದುಕೊಂಡು ಹೂಂ ಅಂದೆ. ಅವನು ಬಂದಾಗ ಕೈಯಲ್ಲಿ ಕವಡೆಯೂ ಇರಲಿಲ್ಲ, ಹುಣಸೆಬೀಜವೂ ಇರಲಿಲ್ಲ. ಸ್ಪೈರಲ್ ಬೈಂಡ್ ಮಾಡಿದ ದಪ್ಪ ಪುಸ್ತಕ ಮತ್ತು ಒಂದು ಚೀಲ ದಾಳ. ಅವುಗಳಲ್ಲಿ ಒಂದಕ್ಕೆ ನಾಲ್ಕೇ ಮುಖ, ಥೇಟು ನೆಗ್ಗಿಲು ಮುಳ್ಳು. ಕುರಿ ಕಾಯುವಾಗ ಕಾಲಿಗೆ ಚುಚ್ಚುತ್ತಿದ್ದುದನ್ನು ಈಗ ಕೈಯಲ್ಲಿ ಹಿಡಿದು ಆಡಬೇಕಂತೆ. ಪರದೇಶದ ಆಟ, ಅವನು ಹುಟ್ಟುವುದಕ್ಕೂ ಮುಂಚಿನ ಹಳೆಯ ರೂಲ್ಸು. ಹೊಸ ರೂಲ್ಸು ಬಂದಿವೆಯಂತೆ, ಆದರೆ ಅವನಿಗೆ ಹಳೆಯದೇ ಬೇಕು. ಒಬ್ಬೊಬ್ಬರು ಒಂದೊಂದು ವೇಷ ಆಗಿ, ಬಾಯಲ್ಲೇ ಕಥೆ ಹೇಳುತ್ತ, ಗುಹೆಯಲ್ಲಿರುವ ನಿಧಿ ತರಬೇಕು. ಆಗುವುದು ಹೋಗುವುದನ್ನು ಪುಸ್ತಕ ನೋಡಿ ಹೇಳುವವನು ಅವನು.

ಮೊಮ್ಮಗಳು ಕತ್ತಿಯವಳಾದಳು. ನನ್ನ ಮಗಳು, ಹುಟ್ಟಿದಾರಭ್ಯ ಒಬ್ಬರ ಬೇಲಿಯ ಹೂವು ಕಿತ್ತವಳಲ್ಲ, ಕಳ್ಳಿಯಾಗುತ್ತೇನೆ ಎಂದಳು. ಉಳಿದದ್ದು ಪಂಡಿತ. ಯಾಕೆ ಉಳಿದಿತ್ತು ಎಂದು ಅವನು ರೂಲ್ಸು ಓದಿದಾಗ ಗೊತ್ತಾಯಿತು.

ಪಂಡಿತ ಕವಚ ತೊಡುವಂತಿಲ್ಲ. ಕತ್ತಿ ಮುಟ್ಟುವಂತಿಲ್ಲ. ಒಂದು ಕೋಲು ಹಿಡಿಯಬಹುದು. ಒಂದೇ ಒಂದು ಮಂತ್ರ ಬರುತ್ತದೆ, ಎದುರಿಗಿದ್ದವನನ್ನು ಮಲಗಿಸುವ ಮಂತ್ರ. ಅದನ್ನೂ ಒಮ್ಮೆ ಬಾಯಿಬಿಟ್ಟು ಹೇಳಿದರೆ ತಲೆಯಿಂದ ಅಳಿಸಿಹೋಗುತ್ತದೆ. ರಾತ್ರಿಯೆಲ್ಲ ಚೆನ್ನಾಗಿ ನಿದ್ದೆ ಮಾಡಿ ಬೆಳಿಗ್ಗೆ ಎದ್ದು ಮತ್ತೆ ಓದಿದರೇನೇ ಬರುವುದು.

"ಇವನೆಂಥ ಪಂಡಿತನಪ್ಪ?" ಎಂದೆ. "ನಾನು ಮೂರನೇ ಕ್ಲಾಸಿನಾಗೆ ಕಲ್ತ ಮಗ್ಗಿ ಇನ್ನೂ ಐತೆ ತಲೇಲಿ."

"ರೂಲ್ಸು ಅಜ್ಜಿ."

ಯಾರಾದರೂ ಪ್ರಶ್ನೆ ಕೇಳಿದರೆ ಪಂಡಿತ ಉತ್ತರ ಹೇಳಲು ಒಂದು ವಾರ ತೆಗೆದುಕೊಳ್ಳಬೇಕು. ಆ ಉತ್ತರ ಸರಿಯೋ ತಪ್ಪೋ ಎಂದು ಆಟ ನಡೆಸುವವನು ಪುಸ್ತಕ ಅಡ್ಡ ಹಿಡಿದು ಗುಟ್ಟಾಗಿ ದಾಳ ಹಾಕುತ್ತಾನೆ. ತಪ್ಪಾಗಿದ್ದರೂ ಪಂಡಿತನಿಗೆ ತಾನು ಹೇಳಿದ್ದೇ ಸರಿ ಎನ್ನಿಸುತ್ತಿರಬೇಕು. ಈ ಒಂದು ರೂಲ್ಸು ಬರೆದವನು ಲೋಕ ಕಂಡವನು.

ಇನ್ನೊಂದು: ಪಂಡಿತ ಪ್ರಯಾಣದ ನಡುವೆ ಒಮ್ಮೆ ಕುಳಿತರೆ ಪುಸ್ತಕ ತೆಗೆಯದೆ ಏಳುವಂತಿಲ್ಲ. ಪುಸ್ತಕ ತೆಗೆದರೆ ಆ ದಿನ ಮುಗಿಯಿತು. ಜೊತೆಗೊಂದು ಪ್ರಾಣಿ ಸಾಕಬೇಕು, ಯಾವುದೆಂದು ದಾಳ ಹೇಳುತ್ತದೆ. ನಾಯಿ ಬೀಳಲಿ ಅಂದುಕೊಂಡೆ, ಕಪ್ಪೆ ಬಿತ್ತು. ಕಪ್ಪೆ ಸತ್ತರೆ ಪಂಡಿತನ ಅರ್ಧ ಜೀವ ಹೋಗುತ್ತದೆ. ಆ ಜೀವ ಎಷ್ಟು ಎಂದು ನೆಗ್ಗಿಲು ಮುಳ್ಳನ್ನು ಉರುಳಿಸಿದರೆ ಎರಡು ಬಿತ್ತು. ಕತ್ತಿಯವಳಿಗೆ ಹತ್ತು, ಕಳ್ಳಿಗೆ ಆರು.

"ಎರಡಂದ್ರೆ ಎಷ್ಟಪ್ಪ?"

"ಬೆಕ್ಕು ಪರಚಿದ್ರೆ ಸಾಯೋವಷ್ಟು," ಎಂದ. ತಮಾಷೆಗೆ ಹೇಳಿದ ಅಂದುಕೊಂಡೆ. ಪುಸ್ತಕ ತಿರುಗಿಸಿ ತೋರಿಸಿದ, ಬೆಕ್ಕಿನ ಉಗುರಿಗೂ ಅಲ್ಲಿ ಲೆಕ್ಕವಿತ್ತು.

ಆಟದಲ್ಲಿ ಮೂವರೂ ಒಂದು ಛತ್ರದಲ್ಲಿ ಉಳಿದಿದ್ದೇವೆ, ಬೆಳಗಾಗಿದೆ, ಗುಹೆಗೆ ಹೊರಡಬೇಕು. ನಾನು ಕೋಲು, ಕಪ್ಪೆ ಎತ್ತಿಕೊಂಡು ಎದ್ದೆ. ಛತ್ರದವನ ದನಿಯಲ್ಲಿ ಹುಡುಗ ಕೇಳಿದ, "ಪಂಡಿತರೇ, ಎಲ್ಲಿಗೆ ಹೊರಟ್ರಿ?"

ನಾನು ಅಲ್ಲೇ ಕುಳಿತುಬಿಟ್ಟೆ.

"ಹೊರಟೋರನ್ನ ಎಲ್ಲಿಗೆ ಅಂತ ಕೇಳ್ತಾರೇನಪ್ಪ? ದೂರಾನಾ ಅಂತ ಕೇಳ್ಬೇಕು. ಅಷ್ಟೂ ಗೊತ್ತಿಲ್ವಾ ನಿಮ್ ಹೊಳಲ್ಕೆರೇಲಿ?"

"ನನಗೆ ಗೊತ್ತೈತೆ ಅಜ್ಜಿ. ಛತ್ರದೋನಿಗೆ ಗೊತ್ತಿಲ್ಲ, ಅವನು ಪರದೇಶದೋನು."

"ಕೆಟ್ಟ ಶಕುನ ಆತಲ್ಲ. ಒಳಗೆ ಬಂದು ಕುಂತ್ಕಂಡು ನೀರು ಕುಡಿದು ಹೊರಡಬೇಕು."

"ಕುಂತ್ಕಂಡ್ರಾ?"

"ಕುಂತ್ಕಂಡೆ."

ಪುಸ್ತಕ ನೋಡಿದ. "ಹಂಗಾದ್ರೆ ಪುಸ್ತಕ ತೆಗೀಬೇಕು. ಇವತ್ತಿನ ದಿನ ಮುಗೀತು."

ಮರುದಿನ ಬೆಳಗಾಯಿತು, ಅಂದರೆ ಆಟದ ಬೆಳಗು. ಎದ್ದೆ. ಛತ್ರದವನು ಮತ್ತೆ ಕೇಳಿದ. ಮತ್ತೆ ಕುಳಿತೆ. ಆ ಭಾನುವಾರ ಹೀಗೇ ಕಳೆಯಿತು, ಅದರ ಮುಂದಿನದೂ ಹಾಗೇ. ಛತ್ರದವನು ಹೊರಡುವವರನ್ನು ಎಲ್ಲಿಗೆ ಎಂದು ಕೇಳಲೇಬೇಕು ಅಂತ ಹುಡುಗನ ಪುಸ್ತಕದ ರೂಲ್ಸು, ಕೇಳಿದರೆ ಕೂರಬೇಕು ಅಂತ ನನ್ನದು. ಇಬ್ಬರೂ ಸೋಲಲಿಲ್ಲ. ಛತ್ರದ ಕಟ್ಟೆಯ ಮೇಲೆ ಕೂತು ಕೂತು ಕತ್ತಿಯವಳ ಕತ್ತಿಗೆ ತುಕ್ಕು ಹಿಡಿಯಿತು, ಅದಕ್ಕೂ ಪುಸ್ತಕದಲ್ಲಿ ಒಂದು ದಾಳವಿತ್ತು. ಬೇಸರವಾಗಿ ನನ್ನ ಮಗಳು ಛತ್ರದ ಚಮಚಗಳನ್ನೆಲ್ಲ ಕದ್ದಳು. ಮುಖದಲ್ಲಿ ಎಂಥ ಕಳೆ ಬಂದಿತ್ತು ಅಂತೀರಿ. ಮದುವೆಯಲ್ಲೂ ಅವಳ ಮುಖ ಹಾಗಿರಲಿಲ್ಲ.

ಮೂರನೇ ಭಾನುವಾರ ಆಟಕ್ಕೆ ಮುಂಚೆ ಮೊಮ್ಮಗಳು ಅಡುಗೆಮನೆಗೆ ಬಂದು ನನ್ನನ್ನು ಹಿಡಿದುಕೊಂಡಳು. "ಅಜ್ಜಿ, ನಿನಗೆ ಅವರು ಇಷ್ಟ ಆಗ್ಲಿಲ್ಲ ಅಂದ್ರೆ ನೇರ ಹೇಳು. ಹಿಂಗೆ ಛತ್ರದಾಗೆ ಕೂರಿಸಿ ಸಾಯಿಸಬೇಡ."

"ಇಷ್ಟ ಆಗೋದಕ್ಕೆ ಅವನು ಇನ್ನೂ ಏನೂ ಮಾಡಿಲ್ಲ."

"ಅಪ್ಪ ಈ ವಾರ ಮಾತು ಮುಗಿಸ್ಬೇಕು ಅಂತಾರೆ. ನೀನು ಊಹೂಂ ಅಂದ್ರೆ ಅವರು ಇನ್ನು ಈ ಮನೆಗೆ ಬರಂಗಿಲ್ಲ."

"ಗೊತ್ತೈತೆ. ಸಾರು ಉಕ್ತಾ ಐತೆ, ನೋಡು."

ಆ ಭಾನುವಾರ ನಾನು ಯೋಚಿಸಿಕೊಂಡೇ ಕುಳಿತಿದ್ದೆ. ಆಟದಲ್ಲಿ ಬೆಳಗಾಯಿತು, ಎದ್ದೆ. ಛತ್ರದವನು ಬಾಯಿ ತೆರೆಯುವ ಮುಂಚೆ ಮಂತ್ರ ಹೇಳಿ ಅವನನ್ನು ಮಲಗಿಸಿಬಿಟ್ಟೆ. ಕತ್ತಿಯವಳು ಚಪ್ಪಾಳೆ ತಟ್ಟಿದಳು. ಕಳ್ಳಿ ಅವನ ಸೊಂಟದ ಬೀಗದ ಕೈ ಬಿಚ್ಚಿಕೊಂಡಳು. ನನ್ನ ತಲೆಯಿಂದ ಮಂತ್ರ ಹೋಯಿತು, ಹೋಗಲಿ. ಹೊಸ್ತಿಲ ಹತ್ತಿರ ಹೋದೆವು. ಬಾಗಿಲಲ್ಲಿ ಏನಿದೆ ಎಂದು ತಿಳಿಯಲು ಹುಡುಗ ದಾಳ ಉರುಳಿಸಿ ಪುಸ್ತಕ ನೋಡಿದ. ಅವನ ಮುಖ ಬಾಡಿತು.

"ಬೆಕ್ಕು ಅಜ್ಜಿ."

"ಕೂತೈತಾ, ಅಡ್ಡ ಬರ್ತಾ ಐತಾ?"

"ಅಡ್ಡ ಬರ್ತಾ ಐತೆ."

ಬೆಕ್ಕು ಅಡ್ಡ ಬಂದರೆ ಮತ್ತೆ ಒಳಗೆ ಹೋಗಿ ಕೂರಬೇಕು. ಇನ್ನೊಂದು ದಿನ ಆ ಛತ್ರದಲ್ಲಿ ನನ್ನಿಂದಾಗದು. ದಾಟುವ ಮುಂಚೆಯೇ ಓಡಿಸೋಣ ಎಂದು ಕೋಲು ಬೀಸಿದೆ. ಕೋಲಿನ ದಾಳ ತಪ್ಪಿತು. ಬೆಕ್ಕು ಪರಚಿತು. ಎಷ್ಟು ಪರಚಿತು ಎಂದು ಅವನು ನೆಗ್ಗಿಲು ಮುಳ್ಳನ್ನು ಉರುಳಿಸಿದ. ಎರಡು.

ಮಗಳು ಅವನಿಗೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಳು, ನನಗೆ ಕಾಣುವುದಿಲ್ಲ ಅಂದುಕೊಂಡು. ಮೊಮ್ಮಗಳು ಅದುವರೆಗೂ ನನ್ನೆದುರು ಅವನನ್ನು ಬಹುವಚನದಲ್ಲಿ ಕರೆಯುತ್ತಿದ್ದವಳು, "ಲೇ, ಆ ದಾಳ ಬಿಡೋ, ಇನ್ನೊಂದ್ಸಲ ಹಾಕು" ಎಂದುಬಿಟ್ಟಳು. ಅಳಿಯ ಟಿವಿ ಸದ್ದು ಕಡಿಮೆ ಮಾಡಿ ಇತ್ತ ತಿರುಗಿದ.

ಹುಡುಗ ದಾಳ ನೋಡಿದ, ಪುಸ್ತಕ ನೋಡಿದ, ನನ್ನನ್ನು ನೋಡಿದ. ಅವನ ಮದುವೆ ಇರುವುದು ನನ್ನ ನಾಲಿಗೆಯ ತುದಿಯಲ್ಲಿ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಅಜ್ಜಿ, ನಿಮ್ಮ ಪಂಡಿತ ತೀರ್ಕಂಡ," ಎಂದ.

"ಬೆಕ್ಕು ಪರಚಿದ್ದಕ್ಕೆ?"

"ಹೂಂ. ಮೊದಲೇ ಹೇಳಿದ್ನಲ್ಲ."

ಹೇಳಿದ್ದ, ನಿಜ. ಅವನು ದಾಳಗಳನ್ನು ಚೀಲಕ್ಕೆ ತುಂಬಿದ, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡ. ದುರ್ಗದ ಬಸ್ಸಿಗೆ ಹೊತ್ತಾಗಿತ್ತು, ಅಲ್ಲಿಂದ ಹೊಳಲ್ಕೆರೆಗೆ ಇನ್ನೊಂದು ಬಸ್ಸು. ಮೊಮ್ಮಗಳು ಗೋಡೆ ಕಡೆ ತಿರುಗಿ ನಿಂತಿದ್ದಳು. "ಬರ್ತೀನಿ ಅಜ್ಜಿ" ಎಂದು ಅವನು ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿಯುತ್ತಿದ್ದ.

"ಎಲ್ಲಿಗೆ ಹೊರಟೆ?" ಎಂದೆ.

ಮಗಳು ಬೆಚ್ಚಿ ನನ್ನತ್ತ ನೋಡಿದಳು. ಹುಡುಗ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕೆಳಗೆ ಇಟ್ಟುಕೊಂಡು ನಿಂತ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಚಾಪೆಯ ಮೇಲೆ ಕುಳಿತು, "ನೀರು ಕೊಡ್ರಿ" ಎಂದ.

"ನೀರು ಕುಡಿದ್ರೆ ಸಾಲ್ದು, ಊಟ ಮಾಡ್ಕಂಡು ಹೋಗು. ಬಸ್ಸು ಹೆಂಗೂ ತಪ್ತು." ಅಳಿಯನಿಗೆ ಹೇಳಿದೆ, "ಅವರ ಮನೇರಿಗೆ ಬರಾಕೆ ಹೇಳಪ್ಪ. ನನ್ನದು ಹೂಂ."

"ಅವ್ವ, ನಿನ್ನ ಪಂಡಿತನ್ನ ಸಾಯಿಸಿದ್ನಲ್ಲ," ಎಂದಳು ಮಗಳು, ಕೈಯಲ್ಲಿ ನೀರಿನ ಲೋಟ ಹಿಡಿದು.

"ಸತ್ತಿದ್ನಲ್ಲ, ಸತ್ತ ಅಂದ. ಹುಡುಗಿ ಆಸೆಗೆ ಸುಳ್ಳು ಹೇಳಿ ನನ್ನ ಬದುಕಿಸಿದ್ರೆ, ನಾಳೆ ಇನ್ನೇನೋ ಆಸೆಗೆ ಇವಳಿಗೆ ಸುಳ್ಳು ಹೇಳ್ತಿದ್ದ. ಅನ್ನಕ್ಕಿಡು ಹೋಗು."

ಮೊಮ್ಮಗಳು ಗೋಡೆ ಕಡೆಯಿಂದ ತಿರುಗಿದಳು, ಮೂಗು ಒರೆಸಿಕೊಂಡಳು. ಅವರಪ್ಪ ಟಿವಿ ಸದ್ದು ಮತ್ತೆ ಜಾಸ್ತಿ ಮಾಡಿದ.

ಊಟದ ನಡುವೆ ನನಗೆ ಕಪ್ಪೆ ನೆನಪಾಯಿತು. ಕಪ್ಪೆ ಸತ್ತರೆ ಪಂಡಿತನಿಗೆ ಏನಾಗುತ್ತದೆ ಎಂದು ಬರೆದಿದೆ, ಪಂಡಿತ ಸತ್ತರೆ ಕಪ್ಪೆಗೆ? ಅವನು ಎಡಗೈಯಲ್ಲೇ ಪುಸ್ತಕ ತಿರುವಿದ, ಎರಡನೇ ಸಲ ಅನ್ನ ಬಡಿಸುವವರೆಗೂ ಹುಡುಕಿದ. ಎಲ್ಲೂ ಬರೆದಿರಲಿಲ್ಲ.

"ಹಂಗಾದ್ರೆ ಕಪ್ಪೆ ಬದುಕೈತೆ ಅಜ್ಜಿ," ಎಂದ, ಮೊದಲ ಸಲ ತನ್ನ ಸ್ವಂತ ಬುದ್ಧಿಯಿಂದ. "ನೀವೇ ಇಟ್ಕಳ್ರಿ."

ಈಗ ಅವರಿಬ್ಬರ ಮದುವೆಯಾಗಿದೆ, ಭಾನುವಾರ ಬರುತ್ತಾರೆ, ನಾನು ಕಪ್ಪೆಯಾಗಿ ಆಡುತ್ತೇನೆ. ಛತ್ರ ದಾಟಿ ಗುಹೆಯವರೆಗೆ ಹೋಗಿದ್ದೇವೆ. ಕಪ್ಪೆಯನ್ನು ಎಲ್ಲಿಗೆ ಹೊರಟೆ ಎಂದು ಯಾರೂ ಕೇಳುವುದಿಲ್ಲ.