ಖೋ ಖೋ ಅಂಗಳದ ವಿರುಪಮ್ಮ ಹೇಳಿದ್ದು

ಕಂಪ್ಲಿ ಕಡೆಯಿಂದ ಬರುವ ಮೊದಲ ಬಸ್ಸು ಹೊಸಪೇಟೆಯ ಕಾಲೇಜು ತಿರುವಿನಲ್ಲಿ ಅವರನ್ನು ಇಳಿಸಿ ಮುಂದೆ ಹೋಗುವಾಗ ಜಂಬುನಾಥನ ಗುಡ್ಡದ ಬೆನ್ನು ಆಗಷ್ಟೇ ಬೂದು ಬಣ್ಣಕ್ಕೆ ತಿರುಗುತ್ತಿರುತ್ತದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆಗೆ ಒರಗಿಸಿಟ್ಟ ಉದ್ದ ಕಸಬರಿಗೆ ಹಿಡಿದು ವಿರುಪಮ್ಮ ಮೈದಾನಕ್ಕೆ ಇಳಿಯುತ್ತಾರೆ. ಸಂಡೂರಿನ ಅದಿರು ಹೊತ್ತ ಲಾರಿಗಳು ಇರುಳೆಲ್ಲ ಹೊರಗಿನ ರಸ್ತೆಯಲ್ಲಿ ಓಡುತ್ತವೆ. ಬೆಳಗಾಗುವಷ್ಟರಲ್ಲಿ ಅಂಗಳದ ಮೇಲೆ ಕೆಂಪು ಧೂಳು ತೆಳ್ಳಗೆ ಕೂತಿರುತ್ತದೆ. ಅದನ್ನು ಗುಡಿಸಿ, ನೀರು ಚಿಮುಕಿಸಿ, ತೂತು ಕೊರೆದ ಹಳೆಯ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿ, ಎರಡು ಕಂಬಗಳ ನಡುವೆ ಬಗ್ಗಿ ಬಗ್ಗಿ ಗೆರೆ ಎಳೆಯುತ್ತಾರೆ.

ಅಷ್ಟರಲ್ಲಿ ಹುಡುಗಿಯರು ಬರತೊಡಗುತ್ತಾರೆ. ಕೆಲವರು ಸೈಕಲ್ಲಿನಲ್ಲಿ, ಕೆಲವರು ಟಂಟಂ ಗಾಡಿಯಲ್ಲಿ ಒತ್ತೊತ್ತಾಗಿ. ಒಬ್ಬಳು ಗೆರೆಯ ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಾಳೆ.

“ಅಮ್ಮ, ಗೆರಿ ಸೊಟ್ಟ ಐತಿ.”

“ಮೊದ್ಲು ನಿನ್ನ ಬೈತಲಿ ನೋಡ್ಕೊಳ್ಳವ್ವ. ಅದು ಕಮಲಾಪುರದ ಹಾದಿ ಆಗೈತಿ.”

ಉಳಿದವರು ನಗುತ್ತಾರೆ. ಬೈತಲೆ ಸೊಟ್ಟಗಿದ್ದವಳನ್ನು ಕರೆದು, ಕೈಗೆ ಅಂಟಿದ ಸುಣ್ಣವನ್ನು ಸೀರೆಗೆ ಒರೆಸಿಕೊಂಡು, ವಿರುಪಮ್ಮ ಅವಳ ಜಡೆಯನ್ನು ಬಿಚ್ಚಿ ಗಟ್ಟಿಯಾಗಿ ಹೆಣೆಯುತ್ತಾರೆ. ಓಡುವಾಗ ಕೂದಲು ಕಣ್ಣಿಗೆ ಬಿದ್ದರೆ ಕಂಬಕ್ಕೆ ಹಣೆ ಬಡಿಯುತ್ತದೆ ಎಂಬುದು ಅವರ ಭಯ.

ವಿರುಪಮ್ಮ ಎಂಬುದು ಅವರ ನಿಜವಾದ ಹೆಸರಲ್ಲ. ಈ ಬರಹದಲ್ಲಿ ಬರುವ ಯಾರ ಹೆಸರೂ ನಿಜದ್ದಲ್ಲ, ಊರುಗಳನ್ನೂ ಬದಲಿಸಲಾಗಿದೆ. ಕಾಲೇಜಿನ ಹೆಸರು ಇಲ್ಲವೇ ಇಲ್ಲ. ಒಬ್ಬ ಹುಡುಗಿಯ ಗುರುತು ಯಾರಿಗೂ ಸಿಗಬಾರದು ಎನ್ನುವುದು ಕಾನೂನು. ಅದಕ್ಕಿಂತ ಮೊದಲು ಅದು ಈ ಹೆಂಗಸು ಹಾಕಿದ ಷರತ್ತು. “ಬೇರೆ ಹೆಸ್ರು ಇಡ್ತೀರಂದ್ರ ವಿರುಪಮ್ಮ ಅಂತ ಇಡ್ರಿ,” ಎಂದರು. “ನಮ್ಮ ಅಜ್ಜಿ ಹೆಸ್ರು ಅದು. ಭಾಳ ಜೋರಿನಾಕಿ. ನಾ ಅಷ್ಟು ಜೋರಿಲ್ಲ.”

ಹುಟ್ಟಿದ್ದು ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ. ಮದುವೆಯಾಗಿ ಬಂದದ್ದು ಕಂಪ್ಲಿ ದಾರಿಯ ಬುಕ್ಕಸಾಗರಕ್ಕೆ. ಜೋಳದ ಹೊಲದಲ್ಲಿ ಬೆಳೆದ ಹುಡುಗಿಗೆ ಗದ್ದೆಯ ಕೆಸರಿನಲ್ಲಿ ನಿಲ್ಲುವುದೇ ಬರುತ್ತಿರಲಿಲ್ಲ. ನಾಟಿಗೆ ಇಳಿದ ಮೊದಲ ದಿನ ಓರಗೆಯವರೆಲ್ಲ ಅವರು ಬಿದ್ದದ್ದನ್ನು ನೋಡಿ ನಕ್ಕರಂತೆ. ಗಂಡ ಹುಲುಗಪ್ಪ ಊರವರ ಗದ್ದೆಗಳಿಗೆ ಕಾಲುವೆಯ ನೀರು ಕಟ್ಟುತ್ತಾರೆ. ಇಬ್ಬರು ಮಕ್ಕಳೂ ಓದಿ ದಡ ಸೇರಿದ್ದಾರೆ. ನಾಟಿ, ಕಳೆ, ಕಟಾವು ಎಂದು ವರ್ಷಗಳು ಕಳೆದು ಮೊಣಕಾಲು ಹಿಡಿದುಕೊಂಡ ಮೇಲೆ, ಗುತ್ತಿಗೆದಾರನ ಕೈಕೆಳಗೆ ಈ ಕಾಲೇಜಿನ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಕ್ರಮೇಣ ಮೈದಾನವೂ ಆಟದ ಸಾಮಾನಿನ ಕೋಣೆಯೂ ಅವರ ಪಾಲಿಗೆ ಬಂದವು. ಹುಡುಗಿಯರ ಜೆರ್ಸಿ ಒಗೆಯುವುದು ಯಾರೂ ಹೇಳದ ಕೆಲಸ. ಬೆವರಿನ ಬಟ್ಟೆ ಚೀಲದಲ್ಲಿ ಮುಗ್ಗುವುದನ್ನು ನೋಡಲಾರದೆ ತಾವೇ ಹಚ್ಚಿಕೊಂಡರು.

ಕಾಲೇಜಿನ ಕ್ರೀಡಾ ವಿಭಾಗ ಸುತ್ತಲಿನ ಪ್ರೌಢಶಾಲೆಗಳ ಹುಡುಗಿಯರಿಗೂ ಖೋ ಖೋ ಕಲಿಸುತ್ತದೆ. ಚೆನ್ನಾಗಿ ಆಡಿದವರಿಗೆ ಮುಂದೆ ಅಲ್ಲೇ ಪಿಯುಸಿ, ಹಾಸ್ಟೆಲ್, ಊಟ. ಹಾಗಾಗಿ ತಾಯಂದಿರು ನಸುಕಿನಲ್ಲೇ ರೊಟ್ಟಿ ಬಡಿದು ಮಕ್ಕಳನ್ನು ಕಳಿಸುತ್ತಾರೆ. ಕೆಲವು ವರ್ಷಗಳ ಹಿಂದೆ ಇಲ್ಲಿದ್ದ ತರಬೇತುದಾರ ಊರಿಗೆಲ್ಲ ಬೇಕಾದವನಾಗಿದ್ದ. ಕಾಲೇಜಿನ ಬಾಗಿಲಲ್ಲಿ ಗಾಜಿನ ಕಪಾಟಿನ ತುಂಬ ಅವನು ಗೆಲ್ಲಿಸಿದ ಕಪ್ಪುಗಳು. ಆಟ ಮುಗಿದ ಮೇಲೆ ಹುಡುಗಿಯರು ಸಾಲಾಗಿ ಬಂದು ಅವನ ಪಾದ ಮುಟ್ಟಿ ಮನೆಗೆ ಹೋಗುವುದು ರೂಢಿ.

ಆ ಬೇಸಿಗೆಯಲ್ಲಿ ಒಬ್ಬ ಹುಡುಗಿ ಆ ಸಾಲಿನಿಂದ ಹಿಂದೆ ಉಳಿಯತೊಡಗಿದಳು. ಜೆರ್ಸಿ ಮಡಚುತ್ತೇನೆಂದು ವಿರುಪಮ್ಮನ ಪಕ್ಕ ಬಂದು ಕೂರುವಳು. ಎಲ್ಲರಿಗಿಂತ ವೇಗವಾಗಿ ಓಡುತ್ತಿದ್ದವಳು. ಒಂದು ಸಂಜೆ ಮಡಚುತ್ತಿದ್ದ ಬಟ್ಟೆಯಿಂದ ಕಣ್ಣೆತ್ತದೆ ಕೇಳಿದಳು: “ಅಮ್ಮ, ಸಾಮಾನಿನ ರೂಮಿಗೆ ಇವತ್ತು ಜಲ್ದಿ ಬೀಗ ಹಾಕ್ತೀಯೇನು?”

“ಯಾಕ ಅಂತ ಕೇಳ್ಲಿಲ್ಲ ನಾ,” ಎನ್ನುತ್ತಾರೆ ವಿರುಪಮ್ಮ. “ಕೇಳಿದ್ರ ಎದ್ದು ಹೋಗ್ತಿದ್ಲು. ಸುಮ್ನ ಹೋಗಿ ಬೀಗ ಹಾಕಿ ಬಂದೆ.”

ಮರುದಿನ ತರಬೇತುದಾರ ಬೀಗದ ಕೈ ಕೇಳಿದಾಗ ಕಳೆದುಹೋಗಿದೆ ಎಂದರು. ಅದು ಸೆರಗಿನ ಗಂಟಿನಲ್ಲೇ ಇತ್ತು. ಅವನು ಹೊಸ ಬೀಗ ತಂದ. ಅಂದಿನಿಂದ ಅಭ್ಯಾಸ ಮುಗಿಯುವ ಹೊತ್ತಿಗೆ ಬಕೆಟ್ಟು, ಸಾಬೂನು, ಬಟ್ಟೆಯ ರಾಶಿಯ ಜೊತೆ ವಿರುಪಮ್ಮ ಆ ಕೋಣೆಯ ಹೊಸ್ತಿಲಲ್ಲೇ ಕೂತರು. ನೀರು ಹರಿದು ಒಳಗೆ ಬರುತ್ತದೆ, ಬೇರೆಡೆ ಒಗೆದುಕೋ ಎಂದು ಅವನು ರೇಗಿದ. “ಇಲ್ಲೇ ನೆಳ್ಳೈತ್ರಿ ಸರ,” ಎಂದು ಕೂತಲ್ಲೇ ಒಗೆದರು. ಕೊನೆಯ ಹುಡುಗಿ ಗೇಟು ದಾಟುವವರೆಗೆ ಏಳುತ್ತಿರಲಿಲ್ಲ. ಕೊನೆಯ ಬಸ್ಸು ತಪ್ಪಿ, ಲಾರಿಗೆ ಕೈ ಮಾಡಿ ಊರು ಸೇರಿದ ದಿನಗಳೂ ಉಂಟು.

“ಕಾದ್ರ ಸಾಕು ಅನ್ಕೊಂಡಿದ್ದೆ ನೋಡ್ರಿ. ಗದ್ದಿಗೆ ಹಂದಿ ಬರ್ತಾವಂದ್ರ ಕಾಯ್ತೀವಲ್ಲ, ಹಂಗ.”

ಹೀಗೆ ಕಾಯುತ್ತಿದ್ದಾಗಲೇ ಒಂದು ದಿನ ಹುಡುಗಿ ಬಾಯಿ ಬಿಟ್ಟಳು. ಏನು ಹೇಳಿದಳೆಂದು ವಿರುಪಮ್ಮ ಯಾರಿಗೂ ಹೇಳುವುದಿಲ್ಲ. “ಅದನ್ನ ಎಲ್ಲಿ ಹೇಳ್ಬೇಕೋ ಅಲ್ಲಿ ಹೇಳೀನ್ರಿ. ನಿಮ್ಮ ಪೇಪರಿಗೆ ಬ್ಯಾಡ.”

ಮರುದಿನ ಬೆಳಿಗ್ಗೆಯೇ ಅವರು ದೈಹಿಕ ಶಿಕ್ಷಣ ನಿರ್ದೇಶಕ ನಾಗಭೂಷಣ ಅವರ ಕೋಣೆಯ ಬಾಗಿಲಲ್ಲಿ ನಿಂತರು. ನಾಗಭೂಷಣ ಕೆಟ್ಟವರಲ್ಲ. ವಿರುಪಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಕೇಳಿದರು, ಮುಖ ಸಪ್ಪಗೆ ಮಾಡಿಕೊಂಡರು, ಅಂದೇ ಪ್ರಿನ್ಸಿಪಾಲರ ಬಳಿ ಹೋದರು. ವಿರುಪಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆದರೆ ಮಾರನೆಯ ದಿನ, ಅದರ ಮಾರನೆಯ ದಿನ, ವಾರ ಕಳೆದ ಮೇಲೂ ತರಬೇತುದಾರ ಎಂದಿನಂತೆ ಮೈದಾನಕ್ಕೆ ಬಂದ. ಮತ್ತೆ ಹೋಗಿ ಕೇಳಿದರು.

“ಪ್ರಿನ್ಸಿಪಾಲರಿಗೆ ಹೇಳಿದ್ದೀನಮ್ಮ,” ಎಂದರು ನಾಗಭೂಷಣ.

“ಅವ್ರೇನು ಮಾಡಿದ್ರು?”

“ಆಡಳಿತ ಮಂಡಳಿಗೆ ಹೇಳಿದ್ದಾರೆ.”

“ಅವ್ರು?”

“ಕಂಪ್ಲಿ ಟೂರ್ನಿ ಒಂದು ಮುಗೀಲಿ, ಸದ್ದಿಲ್ಲದಂಗೆ ಕಳಿಸಿಬಿಡೋಣ ಅಂದಿದ್ದಾರಂತೆ.”

“ಹಂಗಾದ್ರ ಎಲ್ರೂ ಹೇಳೀರಿ ಸರ,” ಎಂದರು ವಿರುಪಮ್ಮ. “ಆ ಮನಿಷ್ಯಾ ಹೊರಗ ಸೀಟಿ ಊದಾಕತ್ಯಾನ.”

ಟೂರ್ನಿಗೆಂದು ಹುಡುಗಿಯರು ಕಂಪ್ಲಿಯ ಒಂದು ಕಲ್ಯಾಣ ಮಂಟಪದಲ್ಲಿ ಕೆಲವು ದಿನ ಉಳಿಯಬೇಕಿತ್ತು. ಜೊತೆಗೆ ಹೋಗುವವನು ಅವನೊಬ್ಬನೇ. ನಾನೂ ಬರುತ್ತೇನೆ, ಅಡುಗೆ ಮಾಡಿ ಹಾಕುತ್ತೇನೆ ಎಂದು ವಿರುಪಮ್ಮ ಕೇಳಿಕೊಂಡರು. ಗುತ್ತಿಗೆಯ ಕೆಲಸದವರನ್ನು ಊರಾಚೆ ಕಳಿಸಲು ಬರುವುದಿಲ್ಲ ಎಂದರು ಕಾಲೇಜಿನವರು. ಇಲ್ಲಿಯ ಹೊಸ್ತಿಲಲ್ಲಿ ಕೂರಬಹುದು, ಕಂಪ್ಲಿಯ ಮಂಟಪದ ಹೊಸ್ತಿಲಲ್ಲಿ ಯಾರು ಕೂರುತ್ತಾರೆ? ತಾವು ಕಾಯ್ದದ್ದರಿಂದ ಆ ಕೋಣೆ ಉಳಿಯಿತೇ ಹೊರತು ಹುಡುಗಿ ಉಳಿಯಲಿಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ಬಸ್ಸು ಹೊರಡುವುದಕ್ಕೆ ಒಂದೇ ದಿನ ಉಳಿದಿತ್ತು.

ಊರಿಗೆ ಬಂದವರೇ ಪಕ್ಕದ ಮನೆಯ ಅಂಗನವಾಡಿ ಕಾರ್ಯಕರ್ತೆ ಸುಮಲತಾಗೆ, ಹೆಸರು ಬಿಟ್ಟು, ಎಲ್ಲ ಹೇಳಿದರು. ಸುಮಲತಾ ಮೊರದಲ್ಲಿದ್ದ ಅಕ್ಕಿಯನ್ನು ಬದಿಗೆ ಸರಿಸಿದಳು.

“ಯಕ್ಕ, ನಿಮ್ಮ ಸಾಹೇಬ್ರಿಗೆ ಹೇಳಿದ್ರ ಅದು ಹೇಳ್ದಂಗಲ್ಲ. ಕೂಸಿನ ವಿಷ್ಯ ಗೊತ್ತಾದವ್ರು ಯಾರೇ ಇರ್ಲಿ, ತಾವ ಪೊಲೀಸ್ರಿಗೆ ತಿಳಸ್ಬೇಕು. ಇಲ್ಲಾ ಮಕ್ಕಳ ಸಹಾಯವಾಣಿಗೆ. ಗೊತ್ತಿದ್ದೂ ಸುಮ್ನ ಕುಂತ್ರ ಅದೂ ಕೇಸ ಆಗ್ತೈತಿ.”

“ನಾ ಕಸ ಹೊಡಿಯಾಕಿ. ನನ್ನ ಮಾತು ಯಾರು ಕೇಳ್ತಾರ?”

“ಕಸ ಹೊಡಿಯೋರು ಹೇಳ್ಬಾರ್ದು ಅಂತ ಕಾನೂನಿನ್ಯಾಗ ಬರ್ದಿಲ್ಲ.”

ಕಟ್ಟೆಯ ಮೇಲೆ ಕೂತು ಕಾಲು ತೊಳೆಯುತ್ತಿದ್ದ ಹುಲುಗಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಕೆಲಸ ಹೋಗುತ್ತದೆಂಬುದು ಅವರಿಗೂ ಗೊತ್ತಿತ್ತು. “ಈಕಿ ಫೋನಿನ್ಯಾಗ ಕರೆನ್ಸಿ ಇಲ್ಲ,” ಎಂದರು.

“1098ಕ್ಕ ಕರೆನ್ಸಿ ಬೇಕಾಗಂಗಿಲ್ಲ ಮಾವ.”

ಹುಲುಗಪ್ಪ ಕಾಲು ಒರೆಸಿಕೊಂಡು ಎದ್ದರು. “ಹಂಗಾದ್ರ ಹಚ್ಚು ಮತ್ತ.”

ಮರುದಿನ ಬೆಳಿಗ್ಗೆ ಮೈದಾನಕ್ಕೆ ಸಲ್ವಾರ್ ಕಮೀಜ್ ತೊಟ್ಟ ಇಬ್ಬರು ಹೆಂಗಸರು ಬಂದರು. ಒಬ್ಬರು ಸಹಾಯವಾಣಿಯವರು, ಇನ್ನೊಬ್ಬರು ಮಹಿಳಾ ಸಬ್ ಇನ್‌ಸ್ಪೆಕ್ಟರ್. ಮಗು ಹೆದರಬಾರದೆಂದು ಸಮವಸ್ತ್ರ ಹಾಕಿರಲಿಲ್ಲ. ಹುಡುಗಿಯ ತಾಯಿಯನ್ನು ಕರೆಸಿ ಜೊತೆಗೆ ಕೂರಿಸಿಕೊಂಡು ನಿಧಾನವಾಗಿ ಕೇಳಿದರು. ಕಂಪ್ಲಿಯ ಬಸ್ಸು ಹೊರಡಲಿಲ್ಲ. ತರಬೇತುದಾರ ಅಂದೇ ಬಂಧನಕ್ಕೊಳಗಾದ. ಆಮೇಲೆ ಇನ್ನೂ ಇಬ್ಬರು ಮಕ್ಕಳು ಮಾತಾಡಿದರು. ಪ್ರಕರಣ ಈಗ ನ್ಯಾಯಾಲಯದಲ್ಲಿದೆ.

ಹೇಳಿದ್ದಕ್ಕೆ ವಿರುಪಮ್ಮನಿಗೆ ಯಾರೂ ಶಾಲು ಹೊದಿಸಲಿಲ್ಲ. ಗುತ್ತಿಗೆದಾರ ನಾಳೆಯಿಂದ ಬರಬೇಡ ಎಂದ. ಕಾಲೇಜಿನ ಹೆಸರು ಕೆಡಿಸಿದಳು ಎಂದು ಚಹಾದಂಗಡಿಯಲ್ಲಿ ಮಾತಾಯಿತು. ಎಷ್ಟೋ ತಂದೆ ತಾಯಿಯರು ಮಕ್ಕಳನ್ನು ಆಟದಿಂದಲೇ ಬಿಡಿಸಿದರು. ವಿರುಪಮ್ಮ ಮತ್ತೆ ಮೊಣಕಾಲು ನೋವಿನಲ್ಲೇ ಗದ್ದೆಗೆ ಇಳಿದರು. ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಹುಡುಗಿಯ ತಾಯಿ ಮನೆಯವರೆಗೆ ಬಂದು ಅಂಗಳದಲ್ಲಿ ನಿಂತು ಕೇಳಿದ ಮಾತು: “ನನ್ನ ಒಂದು ಮಾತು ಕೇಳ್ದ ಯಾಕ ಹೇಳಿದಿ ಯಕ್ಕ? ನಾಳೆ ನನ್ನ ಮಗಳ ಗತಿ ಏನು?”

“ಆಕಿ ಕೇಳಿದ್ದು ತಪ್ಪಲ್ರಿ,” ಎನ್ನುತ್ತಾರೆ ವಿರುಪಮ್ಮ. “ನಾನೂ ಹೆತ್ತಾಕಿ. ಕುಂದ್ರವ್ವ, ನೀರು ಕುಡಿ ಅಂದೆ. ಕುಡಿಲಿಲ್ಲ, ಹೋದ್ಲು.”

ಮೇಲಿನವರಿಗೆ ಹೇಳಿ ಸುಮ್ಮನಾದವರನ್ನೂ ಪೊಲೀಸರು ಬಿಡಲಿಲ್ಲ. ಸಂಸ್ಥೆಯನ್ನು ನಡೆಸುವವರು ತಿಳಿದೂ ತಿಳಿಸದಿದ್ದರೆ ಶಿಕ್ಷೆ ಇನ್ನೂ ಹೆಚ್ಚು. ನಾಗಭೂಷಣ ಅವರೂ ಠಾಣೆಗೆ ಹೋಗಿ ಬರಬೇಕಾಯಿತು. “ಹೇಳಿದೆನಲ್ಲ, ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ,” ಎಂದಷ್ಟೇ ಅವರು ಈಗ ಹೇಳುತ್ತಾರೆ. ಮುಂದೆ ಬಂದ ಹೊಸ ತರಬೇತುದಾರೆ ಕಾವ್ಯ, ಆ ಅಮ್ಮನನ್ನು ಕರೆಸಿದರೆ ಮಾತ್ರ ಸೇರುತ್ತೇನೆ ಎಂದು ಆಡಳಿತ ಮಂಡಳಿಯ ಮುಂದೆ ಪಟ್ಟು ಹಿಡಿದರು. ಹೀಗೆ ವಿರುಪಮ್ಮ ಮೈದಾನಕ್ಕೆ ಮರಳಿದರು. ಸಾಮಾನಿನ ಕೋಣೆಗೆ ಈಗ ಬಾಗಿಲಿನ ಬದಲು ಆಚೀಚೆ ಕಾಣುವ ಕಬ್ಬಿಣದ ಜಾಲರಿ. ಗೋಡೆಯ ಮೇಲೆ ಸಹಾಯವಾಣಿಯ ನಂಬರು, ಹುಡುಗಿಯರ ಕಣ್ಣಿಗೆ ಬೀಳುವ ಎತ್ತರದಲ್ಲಿ. ತಂಡ ಎಲ್ಲೇ ಹೋಗಲಿ, ಜೊತೆಗೆ ಒಬ್ಬ ಹೆಂಗಸು ಹೋಗಲೇಬೇಕು. ಹೆಚ್ಚಿನ ಸಲ ಅದು ವಿರುಪಮ್ಮನೇ. “ಹಿಂಗಾಗಿ ದಾವಣಗೆರಿ ನೋಡ್ದಂಗಾತು. ಬೆಣ್ಣಿ ದ್ವಾಸಿ ಮಸ್ತ್ ಇತ್ತು,” ಎಂದು ನಗುತ್ತಾರೆ.

ಸಾಕ್ಷಿ ಹೇಳಲು ಹೋದ ದಿನ ಎದುರು ಪಕ್ಷದ ವಕೀಲರು ನಿಮಗೆ ಆ ತರಬೇತುದಾರನ ಮೇಲೆ ದ್ವೇಷವಿತ್ತೇ ಎಂದು ಕೇಳಿದರಂತೆ. “ಇಲ್ರಿ ಅಂದೆ. ಆತ ಕಪ್ಪು ಗೆಲ್ಲಿಸಿದಾಗ ನಾನೂ ಚಪ್ಪಾಳಿ ಹೊಡ್ದೀನಿ, ಅದು ಖರೇನ.” ಹೊರಗೆ ಬಂದಾಗ ಬೆಂಚಿನ ಮೇಲೆ ಹುಡುಗಿಯ ತಾಯಿ ಕೂತಿದ್ದರು. ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಊಟದ ಹೊತ್ತಿನವರೆಗೆ ಇಬ್ಬರೂ ಪಕ್ಕಪಕ್ಕದಲ್ಲೇ ಕೂತಿದ್ದರು. ಹುಡುಗಿ ಬೇರೊಂದು ಊರಿನಲ್ಲಿ ಓದುತ್ತಿದ್ದಾಳೆ ಎಂಬುದಷ್ಟೇ ವಿರುಪಮ್ಮನಿಗೆ ಗೊತ್ತು. ಮತ್ತೆ ಆಡುತ್ತಾಳೋ ಇಲ್ಲವೋ ಗೊತ್ತಿಲ್ಲ, ಕೇಳಿಯೂ ಇಲ್ಲ. “ಓಡ್ತಾ ಇರ್ಲಿ ಅಂತ ಆಸೆ ಐತ್ರಿ. ಕಪ್ಪಿಗೆ ಅಲ್ಲ. ಸುಮ್ನ, ಆಕಿಗೆ ಬೇಕನಿಸಿದ್ರ.”

ಬಿಸಿಲು ಏರುತ್ತಿದೆ. ಅಭ್ಯಾಸ ಮುಗಿಸಿದ ಹುಡುಗಿಯರು ಚೀಲ ಹೆಗಲಿಗೇರಿಸಿ ಹೊರಟಿದ್ದಾರೆ. ಒಬ್ಬ ಪುಟ್ಟ ಹುಡುಗಿ, ಈ ವರ್ಷವಷ್ಟೇ ಸೇರಿದವಳು, ಹಿಂದಿರುಗಿ ಬಂದು ನಿಲ್ಲುತ್ತಾಳೆ. “ಅಮ್ಮ, ನಿಂಗೊಂದು ಹೇಳ್ಬೇಕು.”

ವಿರುಪಮ್ಮ ಮಾತು ಅರ್ಧಕ್ಕೆ ನಿಲ್ಲಿಸಿ ಏಳುತ್ತಾರೆ. ಯಾರಿಗೂ ಕೇಳಿಸದಷ್ಟು ದೂರ ಕರೆದುಕೊಂಡು ಹೋಗಿ, ಹಿಡಿದುಕೊಂಡ ಮೊಣಕಾಲನ್ನು ಕಷ್ಟಪಟ್ಟು ಮಡಿಸಿ, ಅವಳ ಮುಖದ ಮಟ್ಟಕ್ಕೆ ಕೂರುತ್ತಾರೆ. ಹುಡುಗಿ ಕೈ ಆಡಿಸುತ್ತಾ ಏನೇನೋ ಹೇಳುತ್ತಾಳೆ. ವಿರುಪಮ್ಮ ನಡುವೆ ಬಾಯಿ ಹಾಕುವುದಿಲ್ಲ. ಎಲ್ಲ ಮುಗಿದ ಮೇಲೆ ಅವಳ ತಲೆ ನೇವರಿಸಿ ಕಳಿಸಿ ಬರುತ್ತಾರೆ.

“ಆಕಿ ಹೊಸ ಕ್ಲಿಪ್ಪು ಯಾರೋ ಹಾಕ್ಕೊಂಡಾರಂತ. ಕೇಳಿದ್ರ ಕೊಡವಲ್ರಂತ.” ಅವರು ನಗುವುದಿಲ್ಲ. ಅದೂ ವಿಚಾರಿಸಬೇಕಾದ ವಿಷಯವೇ ಎಂಬಂತೆ ಗೇಟಿನ ಕಡೆ ನೋಡುತ್ತಾರೆ. “ದಿನಾ ಇಂಥಾವ ಬರ್ತಾವ್ರಿ. ಬರ್ಲಿ. ಈ ಅಮ್ಮ ಕೇಳ್ತಾಳ ಅಂತ ಹುಡುಗ್ಯಾರಿಗೆ ಗೊತ್ತಾಗೈತಿ.”